ಲ್ಯಾಪ್‌ಟಾಪ್ ಇದ್ದರೆ ಕಂಪ್ಯೂಟರ್ ಬೇಡವೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ‘ತಂತ್ರಜ್ಞಾನ ಮತ್ತು ಶಿಕ್ಷಣ’. ಅಷ್ಟು ದೊಡ್ಡ ವಿಷಯ ಹಿಡಿದುಕೊಂಡು ಹೊರಟರೆ ಮಾತಾಡುವ ನನಗೂ ನಿದ್ದೆ ಬರುತ್ತದೆ, ಕೇಳುವ ನಿಮಗೂ ಬರುತ್ತದೆ. ಅವರ ಒಪ್ಪಿಗೆ ಪಡೆದು ಅದರೊಳಗಿನ ಒಂದೇ ಒಂದು ಸಣ್ಣ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಓದುವ ಮಕ್ಕಳಿಗೆ ಲ್ಯಾಪ್‌ಟಾಪ್ ಒಂದಿದ್ದರೆ ಸಾಕೇ? ಮೇಜಿನ ಮೇಲಿನ ಕಂಪ್ಯೂಟರ್, ಅಂದರೆ ಡೆಸ್ಕ್‌ಟಾಪ್, ಇನ್ನು ಬೇಡವೇ?

ಈ ಪ್ರಶ್ನೆಯನ್ನು ನಾನು ಹುಡುಕಿಕೊಂಡು ಹೋಗಿದ್ದಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನನಗೆ ಊರಿನಿಂದ ಫೋನ್ ಬರುತ್ತದೆ. “ತಮ್ಮಾ, ನೀನು ಅದರಲ್ಲೇ ಕೆಲಸ ಮಾಡೋನು, ಮಗಳಿಗೆ ಲ್ಯಾಪ್‌ಟಾಪ್ ಕೊಡಿಸೋದೋ ಕಂಪ್ಯೂಟರ್ ಕೊಡಿಸೋದೋ ಹೇಳಿಬಿಡು, ಅಡಿಕೆ ದುಡ್ಡು ಖರ್ಚಾಗೋ ಮೊದಲು.” ನಮ್ಮ ಕಡೆ ಕಂಪ್ಯೂಟರ್ ಎಂದರೆ ಡೆಸ್ಕ್‌ಟಾಪ್ ಮಾತ್ರ, ಲ್ಯಾಪ್‌ಟಾಪ್ ಬೇರೆಯೇ ಜಾತಿ. ಎರಡೂ ಒಂದೇ ಎಂದು ಬಿ.ಇ. ಓದಿದವನು ಹೇಳಿದರೂ ನಂಬುವುದಿಲ್ಲ. ಇರಲಿ, ಅವರು ನಂಬದಿರುವುದರಲ್ಲೂ ಒಂದು ಅರ್ಥವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಇನ್ನೊಂದು ಕಾರಣ ಇವತ್ತಿನದು. ಮಹೋತ್ಸವದ ಖರ್ಚು ಕಳೆದು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಸ್ವಲ್ಪ ಹಣ ಉಳಿಯುತ್ತದೆ. ಹೆಚ್ಚು ಅಂಕ ತೆಗೆದ ಹತ್ತು ಮಕ್ಕಳಿಗೆ ಹೊಸ ಲ್ಯಾಪ್‌ಟಾಪ್ ಕೊಡೋಣ ಎಂದು ಕೆಲವರು, ಶಾಲೆಗೆ ಡೆಸ್ಕ್‌ಟಾಪ್ ಕೊಟ್ಟು ಒಂದು ಕೋಣೆ ಮಾಡೋಣ ಎಂದು ಕೆಲವರು. ನಿನ್ನೆ ರಾತ್ರಿ ಈ ಚರ್ಚೆ ಜೋರಾಗಿಯೇ ನಡೆಯಿತು. ಸಂಜೆಯ ಸಭೆಯಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ಮೊದಲು ನನಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಯಂತ್ರದ ಲೆಕ್ಕ. ಹೈಸ್ಕೂಲು, ಪಿಯುಸಿ, ಡಿಗ್ರಿ ಓದುವ ಮಗು ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಯಾವುದು? ನುಡಿಯಲ್ಲೋ ಬರಹದಲ್ಲೋ ಕನ್ನಡ ಟೈಪ್ ಮಾಡುವುದು, ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ವರದಿ ಬರೆಯುವುದು, ಎಕ್ಸೆಲ್ ಹಾಳೆ, ಪಾಠದ ವಿಡಿಯೊ, ವಿದ್ಯಾರ್ಥಿವೇತನದ ಅರ್ಜಿ, ಸಿ ಅಥವಾ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ. ಇಷ್ಟಕ್ಕೂ ಐದು ವರ್ಷ ಹಳೆಯ ಸಾಧಾರಣ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. 8 ಜಿಬಿ ರ‍್ಯಾಮ್ ಇರಲಿ, ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ಈ ಎರಡು ಇದ್ದರೆ ಮಿಕ್ಕಿದ್ದರ ಬಗ್ಗೆ ಅಂಗಡಿಯವರು ಎಷ್ಟು ಹೊಗಳಿದರೂ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ನನ್ನ ಆಫೀಸಿನಲ್ಲಿ ನಾನು ಡೆಸ್ಕ್‌ಟಾಪ್ ಪೆಟ್ಟಿಗೆ ನೋಡಿಯೇ ಎಷ್ಟೋ ವರ್ಷವಾಯಿತು. ನೂರಾರು ಜನ ಲ್ಯಾಪ್‌ಟಾಪಿನಲ್ಲೇ ಸಾಫ್ಟ್‌ವೇರ್ ಬರೆಯುತ್ತೇವೆ.

ಹಾಗಾದರೆ ಡೆಸ್ಕ್‌ಟಾಪ್ ಎಲ್ಲಿ ಗೆಲ್ಲುತ್ತದೆ? ಗಂಟೆಗಟ್ಟಲೆ ಬಿಡುವಿಲ್ಲದ ಭಾರದ ಕೆಲಸದಲ್ಲಿ. ಸಿವಿಲ್, ಮೆಕ್ಯಾನಿಕಲ್ ಓದುವವರ ಮೂರು ಆಯಾಮದ ನಕ್ಷೆ, ಮದುವೆ ವಿಡಿಯೊ ಎಡಿಟಿಂಗ್, ದೊಡ್ಡ ಆಟಗಳು. ಎರಡರ ಮೇಲೂ ಐ ಫೈವ್ ಎಂದೇ ಚೀಟಿ ಅಂಟಿಸಿರುತ್ತಾರೆ, ಹಾಗಾಗಿ ಜನ ಮೋಸಹೋಗುತ್ತಾರೆ. ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಡ್ಯಾಮಿನಿಂದ ಹೊರಡುವ ಎಡದಂಡೆಯದೂ ಭದ್ರಾ ನಾಲೆ, ಬಲದಂಡೆಯದೂ ಭದ್ರಾ ನಾಲೆ. ಹೆಸರು ಒಂದೇ, ನೀರೂ ಅದೇ. ಆದರೆ ಎಡದಂಡೆಯದು ಸಣ್ಣ ನಾಲೆ, ಬಲದಂಡೆಯದು ದಾವಣಗೆರೆ ಬಯಲಿನವರೆಗೆ ಗದ್ದೆ ತಣಿಸುವ ದೊಡ್ಡ ನಾಲೆ. ತೆಳ್ಳನೆಯ ಲ್ಯಾಪ್‌ಟಾಪಿನ ಚಿಪ್ಪು ಸುಮಾರು 15 ವ್ಯಾಟ್‌ಗೆ ತಯಾರಾದದ್ದು, ಡೆಸ್ಕ್‌ಟಾಪಿನದು 65 ವ್ಯಾಟ್‌ಗೆ. ಸಣ್ಣ ಡಬ್ಬಿಯೊಳಗೆ ಬಿಸಿ ಹೋಗಲು ಜಾಗವಿಲ್ಲದೆ ಲ್ಯಾಪ್‌ಟಾಪ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಕೆಟ್ಟುಹೋಗಿದೆ ಎಂದು ಗಾಬರಿಯಾಗಬೇಡಿ, ಅದು ತನ್ನ ಜೀವ ಉಳಿಸಿಕೊಳ್ಳುವ ಉಪಾಯ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟು ಗಾಳಿಯ ಕಿಂಡಿ ಮುಚ್ಚಿದರೆ ಮಾತ್ರ ತಪ್ಪು ನಮ್ಮದು.

ಕರೆಂಟಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಡ್ಯಾಮಿನ ಬುಡದಲ್ಲೇ ಕರೆಂಟು ತಯಾರಾಗುತ್ತದೆ, ಆದರೂ ಜೂನ್ ಜುಲೈ ಮಳೆಯಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ನಾವು ಸೀಮೆಎಣ್ಣೆ ಕಾಲಕ್ಕೆ ಹೋಗುತ್ತೇವೆ. ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಎಳೆಯುತ್ತವೆ. ಅದರ ಪಕ್ಕದ ಸಣ್ಣ ಯುಪಿಎಸ್ ಕೊಡುವುದು ಹತ್ತು ಹದಿನೈದು ನಿಮಿಷ. ಅಂದರೆ ಬರೆದದ್ದನ್ನು ಸೇವ್ ಮಾಡಿ ನಮಸ್ಕಾರ ಹೇಳಿ ಏಳುವಷ್ಟು ಹೊತ್ತು. ಲ್ಯಾಪ್‌ಟಾಪ್ ಸಾಧಾರಣ ಕೆಲಸಕ್ಕೆ 10 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತದೆ, ಬ್ಯಾಟರಿಯಲ್ಲಿ 40–50 ವ್ಯಾಟ್‌ಗಂಟೆ ಇರುತ್ತದೆ. ನಾಲ್ಕು ಗಂಟೆ ಓದಬಹುದು. ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಲೆಕ್ಕ ಯಾರೂ ಕೇಳುತ್ತಿಲ್ಲ, ಆದರೂ ಹೇಳುತ್ತೇನೆ: ಒಂದು ಯೂನಿಟ್‌ನಲ್ಲಿ ಡೆಸ್ಕ್‌ಟಾಪ್ ಹತ್ತು ಗಂಟೆ ನಡೆದರೆ ಲ್ಯಾಪ್‌ಟಾಪ್ ಚಾರ್ಜಾಗುವಾಗಿನ ನಷ್ಟವನ್ನೂ ಸೇರಿಸಿ ಐವತ್ತು ಗಂಟೆಗೂ ಹೆಚ್ಚು ನಡೆಯುತ್ತದೆ. ಗುಡುಗು ಶುರುವಾದಾಗ ಪ್ಲಗ್ ಕಿತ್ತುಬಿಟ್ಟರೆ ಲ್ಯಾಪ್‌ಟಾಪಿಗೆ ಸಿಡಿಲಿನ ಭಯವೂ ಕಡಿಮೆ. ಇಂಟರ್ನೆಟ್‌ಗೆ ತಂತಿ ಇದ್ದರೆ ಅದನ್ನೂ ಕೀಳಬೇಕು. ನಮ್ಮ ಮನೆಯ ಮೊದಲ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿದ್ದು ಕರೆಂಟಿನ ಕಡೆಯಿಂದಲ್ಲ, ಟೆಲಿಫೋನ್ ತಂತಿಯಲ್ಲಿ ಇಳಿದ ಸಿಡಿಲಿನಿಂದ.

ಇಷ್ಟು ಕೇಳಿದರೆ ಲ್ಯಾಪ್‌ಟಾಪ್ ಗೆದ್ದಿತು, ಭಾಷಣ ಮುಗಿಯಿತು ಅನ್ನಿಸಬಹುದು. ಇನ್ನೂ ಎರಡು ವಿಷಯ ಇದೆ.

ಒಂದು, ಮೈಯ ವಿಷಯ. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಮೇಲಕ್ಕೆತ್ತಬೇಕು. ಅರ್ಧ ಗಂಟೆಗೆ ಏನೂ ಆಗುವುದಿಲ್ಲ. ದಿನಕ್ಕೆ ನಾಲ್ಕು ಗಂಟೆಯಂತೆ ನಾಲ್ಕು ವರ್ಷ ಕೂತರೆ ಆಗುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಮೂವತ್ತು ತುಂಬುವ ಮೊದಲೇ ಕತ್ತಿಗೆ ಪಟ್ಟಿ ಹಾಕಿಕೊಂಡವರಿದ್ದಾರೆ. ಪರಿಹಾರ ಸುಲಭ. ನಾಲ್ಕು ದಪ್ಪ ಪುಸ್ತಕ ಪೇರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಡಿ, ಸಾವಿರ ರೂಪಾಯಿಯೊಳಗೆ ಬರುವ ಬೇರೆ ಕೀಬೋರ್ಡು, ಮೌಸು ಚುಚ್ಚಿಕೊಳ್ಳಿ. ಹಳೆಯ ಮಾನಿಟರ್ ಸಿಕ್ಕರೆ ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿ. ಆಫೀಸಿನಲ್ಲಿ ನಾವೆಲ್ಲ ಮಾಡುವುದು ಇದನ್ನೇ. ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುತ್ತೇವೆ ಎಂದು ಆಗಲೇ ಹೇಳಿದೆನಲ್ಲ, ಅದು ಪೂರ್ತಿ ಚಿತ್ರವಲ್ಲ. ಬೆಳಿಗ್ಗೆ ಬಂದು ಮೇಜಿನ ಮೇಲಿನ ಮಾನಿಟರಿಗೆ ಚುಚ್ಚಿದ ಕೂಡಲೇ ಅದು ಡೆಸ್ಕ್‌ಟಾಪ್. ಸಂಜೆ ಕಿತ್ತು ಚೀಲಕ್ಕೆ ಹಾಕಿದರೆ ಮತ್ತೆ ಲ್ಯಾಪ್‌ಟಾಪ್.

ಇನ್ನೊಂದು, ರಿಪೇರಿ. ಡೆಸ್ಕ್‌ಟಾಪ್ ನಮ್ಮ ಹಳೆಯ ಸೈಕಲ್ ಇದ್ದಂತೆ. ಯಾವ ಭಾಗ ಹೋಯಿತೋ ಅದನ್ನು ಬದಲಾಯಿಸಿದರೆ ಆಯಿತು. ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಪವರ್ ಸಪ್ಲೈ ಪೆಟ್ಟಿಗೆ ಸಿಗುತ್ತದೆ, ಸ್ಕ್ರೂಡ್ರೈವರ್ ಇದ್ದರೆ ಒಂಬತ್ತನೇ ತರಗತಿಯ ಹುಡುಗಿ ಕೂಡ ಹಾಕಬಲ್ಲಳು. ಲ್ಯಾಪ್‌ಟಾಪಿನಲ್ಲಿ ಹಾಗಿಲ್ಲ. ಈಗಿನ ತೆಳ್ಳನೆಯ ಮಾದರಿಗಳಲ್ಲಿ ರ‍್ಯಾಮ್‌ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ನಮ್ಮ ಸಂಬಂಧಿಕರ ಹುಡುಗನಿಗೆ ಒಂದು ಅಂಗಡಿಯವರು 4 ಜಿಬಿಯ ಲ್ಯಾಪ್‌ಟಾಪ್ ಕೊಟ್ಟು “ಮುಂದೆ ಬೇಕಾದಾಗ ಹೆಚ್ಚಿಸಿಕೊಳ್ಳಬಹುದು” ಎಂದು ಕಳಿಸಿದ್ದರು. ತೆರೆದು ನೋಡಿದರೆ ಎಲ್ಲಾ ಬೆಸುಗೆ, ಇನ್ನೊಂದು ಚೂರು ಹಾಕಲು ಜಾಗವೇ ಇಲ್ಲ. ಅಪ್ಪ ಕೊಟ್ಟ ದುಡ್ಡು ಮರಳಲಿಲ್ಲ, ಆ ಹುಡುಗ ಮೂರು ವರ್ಷ ಅದರ ಜೊತೆ ಏಗಿದ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ರ‍್ಯಾಮ್ ಹಾಕಲು ಇನ್ನೊಂದು ಖಾಲಿ ಜಾಗ ಇದೆಯೇ? ಬಾಯಿಮಾತಿನ ಉತ್ತರ ಬೇಡ, ಬಿಲ್ಲಿನ ಮೇಲೆ ಬರೆದುಕೊಡಲಿ.

ಆದರೂ ಇವೆಲ್ಲ ದುಡ್ಡು, ಜಾಗ, ಜಾಣತನದಿಂದ ಬಗೆಹರಿಯುವ ಮಾತು. ಯಂತ್ರದ ಮಟ್ಟಿಗೆ ನನ್ನ ಉತ್ತರ ಸ್ಪಷ್ಟ: ವಿದ್ಯಾರ್ಥಿಯ ಲ್ಯಾಪ್‌ಟಾಪ್ ಡೆಸ್ಕ್‌ಟಾಪಿನ ಕೆಲಸವನ್ನು ಮಾಡುತ್ತದೆ. ಆದರೆ ಡೆಸ್ಕ್‌ಟಾಪ್ ಇನ್ನೊಂದು ಕೆಲಸ ಮಾಡುತ್ತಿತ್ತು. ಅದು ಯಾವ ಅಂಗಡಿಯ ಪಟ್ಟಿಯಲ್ಲೂ ಇರುವುದಿಲ್ಲ.

ನಾನು ಪಿಯುಸಿ ಓದುವಾಗ ಅಪ್ಪ ಅಡಿಕೆ ಮಾರಿ ಶಿವಮೊಗ್ಗದಿಂದ ಕಂಪ್ಯೂಟರ್ ತಂದರು. ಬಸ್ಸಿನ ಮೇಲೆ ಹೇರಿದರೆ ಒಡೆಯುತ್ತದೆ ಎಂದು ಜೀಪು ಮಾಡಿಕೊಂಡು ತಂದಿದ್ದು. ಇಟ್ಟಿದ್ದು ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ. ಅಮ್ಮ ಅದಕ್ಕೊಂದು ಕಸೂತಿ ಬಟ್ಟೆ ಹೊದೆಸಿದರು, ಆಯುಧಪೂಜೆಗೆ ಮಾನಿಟರಿನ ನೆತ್ತಿಗೆ ಕುಂಕುಮ. ಅದು ‘ನನ್ನ ಓದಿಗೆ’ ಅಂತಲೇ ತಂದದ್ದು, ಕುರ್ಚಿಯೂ ನನ್ನದೇ. ನನ್ನ ತಂಗಿ ಆಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಅವಳಿಗೆ ಸಿಗುತ್ತಿದ್ದದ್ದು ಪಕ್ಕದ ಸ್ಟೂಲು. ನಾನು ಟೈಪ್ ಮಾಡುತ್ತಿದ್ದರೆ ನೋಡುತ್ತಾ ಕೂರುತ್ತಿದ್ದಳು, ನಾನು ತಪ್ಪು ಒತ್ತಿದರೆ ಮೊದಲು ಕಾಣುತ್ತಿದ್ದದ್ದು ಅವಳಿಗೆ. ಎರಡು ವರ್ಷ ಆದಮೇಲೆ ನಾನು ಎಂಜಿನಿಯರಿಂಗ್ ಹಾಸ್ಟೆಲಿಗೆ ಹೊರಟೆ. ಪೆಟ್ಟಿಗೆ, ಹಾಸಿಗೆ, ಬಕೆಟ್ಟು ಎಲ್ಲ ಹೋಯಿತು. ಕಂಪ್ಯೂಟರ್ ಹೋಗಲಿಲ್ಲ, ಅದನ್ನು ಒಯ್ಯುವುದು ಸಾಧ್ಯವಿರಲಿಲ್ಲ. ನಾನು ಎದ್ದ ಕುರ್ಚಿಯಲ್ಲಿ ಅವಳು ಕೂತಳು. ಮೂರೇ ತಿಂಗಳಲ್ಲಿ ನುಡಿ ಕೀಲಿಮಣೆ ಅವಳ ಬೆರಳಿಗೆ ಬಂತು. ಸ್ತ್ರೀಶಕ್ತಿ ಸಂಘದ ಲೆಕ್ಕ, ಗದ್ದೆಯ ಪಹಣಿಗೆ ಸಂಬಂಧಿಸಿದ ಅರ್ಜಿ, ಮದುವೆಯ ಲಗ್ನಪತ್ರಿಕೆಯ ಕರಡು, ಊರಿನವರದ್ದೆಲ್ಲ ಟೈಪ್ ಮಾಡಿಕೊಟ್ಟು ತನ್ನ ಡಿಗ್ರಿ ಫೀಸಿನ ಒಂದು ಪಾಲನ್ನು ತಾನೇ ದುಡಿದಳು. ಇವತ್ತು ಅವಳು ಮಾಡುತ್ತಿರುವ ಕೆಲಸಕ್ಕೂ ಆ ಟೈಪಿಂಗಿಗೂ ನೇರ ಸಂಬಂಧ ಇದೆ.

ಆ ವರ್ಷ ಅಪ್ಪ ತಂದದ್ದು ಲ್ಯಾಪ್‌ಟಾಪ್ ಆಗಿದ್ದರೆ ಏನಾಗುತ್ತಿತ್ತು? ನನ್ನ ಬೆನ್ನಿನ ಮೇಲೆ ಹಾಸ್ಟೆಲಿಗೆ ಹೋಗುತ್ತಿತ್ತು. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ, ಅವಳೂ ಮಾಡುತ್ತಿರಲಿಲ್ಲ. ಹೊತ್ತುಕೊಂಡು ಹೋಗಲು ಆಗದಿರುವುದು ಡೆಸ್ಕ್‌ಟಾಪಿನ ದೋಷ ಎಂದು ಎಲ್ಲರೂ ಹೇಳುತ್ತೇವೆ. ನಮ್ಮ ಮನೆಯಲ್ಲಿ ಅದೇ ಅದರ ದೊಡ್ಡ ಗುಣವಾಗಿತ್ತು. ನಮ್ಮ ಜನ ‘ಕಂಪ್ಯೂಟರ್ ಬೇರೆ, ಲ್ಯಾಪ್‌ಟಾಪ್ ಬೇರೆ’ ಅನ್ನುವುದರಲ್ಲಿ ಅರ್ಥವಿದೆ ಎಂದೆನಲ್ಲ, ಅದು ಇದು. ಒಂದು ಮನೆಯದ್ದು, ಇನ್ನೊಂದು ಒಬ್ಬರದ್ದು.

ಲ್ಯಾಪ್‌ಟಾಪ್ ಒಬ್ಬರದ್ದು ಅಂದೆ. ಯಾರದ್ದು ಅನ್ನುವುದು ಚೀಟಿಯಲ್ಲಿ ಬರೆದ ಹೆಸರಿನಿಂದ ತೀರ್ಮಾನ ಆಗುವುದಿಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರಿ ಪದವಿ ಕಾಲೇಜು ಸೇರಿದ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದಾರೆ, 2021ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟರು. ತಮಿಳುನಾಡಿನಲ್ಲಿ 2011ರಿಂದಲೇ ಪಿಯು ಮಟ್ಟದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ಇತ್ತು. ಒಳ್ಳೆಯ ಕೆಲಸವೇ. ಅದರಿಂದ ದಡ ಸೇರಿದ ಮಕ್ಕಳನ್ನು ನಾನು ಕಂಡಿದ್ದೇನೆ, ಅವರಲ್ಲಿ ಇಬ್ಬರು ನನ್ನ ತಂಡದಲ್ಲೇ ಕೆಲಸ ಮಾಡುತ್ತಾರೆ. ಆದರೆ ಹಳ್ಳಿಯ ಮನೆಗಳಲ್ಲಿ ಇನ್ನೂ ಎರಡು ಥರದ ಲ್ಯಾಪ್‌ಟಾಪ್‌ಗಳನ್ನು ಕಂಡಿದ್ದೇನೆ. ಒಂದು, ಅಕ್ಕನ ಹೆಸರಿನಲ್ಲಿ ಬಂದು ತಮ್ಮನ ಜೊತೆ ಬೆಂಗಳೂರಿಗೆ ಹೋದದ್ದು. ಇನ್ನೊಂದು, ಬೀರುವಿನ ಒಳಗೆ ಸೀರೆಗಳ ನಡುವೆ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುವುದು. “ಹಾಳಾಗಬಾರದು ಅಂತ ಎತ್ತಿಟ್ಟಿದೀವಪ್ಪ” ಅನ್ನುತ್ತಾರೆ. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿ ಚಿನ್ನದ ಸರವಲ್ಲ. ಚಾರ್ಜ್ ಪೂರ್ತಿ ಇಳಿದು ತಿಂಗಳುಗಟ್ಟಲೆ ಹಾಗೇ ಬಿದ್ದರೆ ಅದು ಸಾಯುತ್ತದೆ. ಮಲೆನಾಡಿನ ಮಳೆಗಾಲದ ಥಂಡಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎತ್ತಿಟ್ಟದ್ದೇ ಅದಕ್ಕೆ ಆದ ಹಾನಿ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟರೆ ಬಡದೇಶಗಳ ಶಿಕ್ಷಣ ಬದಲಾಗುತ್ತದೆ ಎಂದು ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪೊಂಟೆ 2005ರಲ್ಲಿ ನೂರು ಡಾಲರಿನ ಲ್ಯಾಪ್‌ಟಾಪ್ ಯೋಜನೆ ಹೊರಡಿಸಿದರು. ಭಾರತ ಸರ್ಕಾರ ಮರುವರ್ಷವೇ ಬೇಡವೆಂದಿತು. ದಕ್ಷಿಣ ಅಮೆರಿಕದ ಪೆರು ದೇಶ ಲಕ್ಷಗಟ್ಟಲೆ ಕೊಂಡು ಹಳ್ಳಿಶಾಲೆಗಳಿಗೆ ಹಂಚಿತು. ಅಲ್ಲಿನ 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲೂ ಭಾಷೆಯಲ್ಲೂ ಅಂಕಗಳು ಏರಿದ್ದು ಕಾಣಲಿಲ್ಲ. ನನ್ನ ಗಮನ ಸೆಳೆದದ್ದು ಅಂಕಗಳಿಗಿಂತ ಅದರ ಇನ್ನೊಂದು ವಿವರ: ಎಷ್ಟೋ ಮಕ್ಕಳು ಆ ಲ್ಯಾಪ್‌ಟಾಪನ್ನು ಮನೆಗೆ ಒಯ್ಯುತ್ತಲೇ ಇರಲಿಲ್ಲ. ಕಳೆದರೆ ಯಾರು ಹೊಣೆ ಎಂಬ ಭಯ. ಭಯದ ವಿಷಯದಲ್ಲಿ ಪೆರುವಿನ ಹಳ್ಳಿಗೂ ನಮ್ಮ ಹಳ್ಳಿಗೂ ಏನೂ ಅಂತರವಿಲ್ಲ.

ಅದೇ ನಮ್ಮ ಪಕ್ಕದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಅವರು ಕೇರಳದ ಪಠ್ಯಕ್ರಮದಲ್ಲಿ ಓದುತ್ತಾರೆ. ಅಲ್ಲಿ ಹತ್ತನೇ ತರಗತಿಗೆ ಐಟಿ ಒಂದು ವಿಷಯ, ಅದಕ್ಕೆ ಕನ್ನಡದಲ್ಲೇ ಪಠ್ಯಪುಸ್ತಕ ಇದೆ, ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ ಇದೆ. ಯಂತ್ರ ಇರುವುದು ಶಾಲೆಯಲ್ಲಿ. ನಡೆಯುವುದು ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ತಂತ್ರಾಂಶದ ಮೇಲೆ. 2018ರಿಂದ ಅಲ್ಲಿನ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕ್ಲಬ್ಬುಗಳೂ ಇವೆ. ಹಂಚುವುದರ ಜೊತೆಗೆ ಕಲಿಸುವ, ಬಳಸುವ, ಪರೀಕ್ಷಿಸುವ ಏರ್ಪಾಡು ಅಲ್ಲಿ ಇದೆ. ನಮ್ಮಲ್ಲೂ ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯಲ್ಲಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದವು. ಅದರ ಬಗ್ಗೆ ನೆನಪಿರುವವರು ಈ ಸಭೆಯಲ್ಲೇ ಇದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈಗ ಸಂಘದ ಹಣದ ವಿಷಯಕ್ಕೆ ಬರುತ್ತೇನೆ. ನಿನ್ನೆಯ ಎರಡು ಗುಂಪಿಗೂ ಬೇಸರ ಆಗಬಹುದು, ಯಾಕೆಂದರೆ ನಾನು ಇಬ್ಬರ ಮಾತನ್ನೂ ಅರ್ಧ ಒಪ್ಪುತ್ತೇನೆ. ಹೊಸ ಡೆಸ್ಕ್‌ಟಾಪ್ ಕೊಳ್ಳುವುದು ಬೇಡ. ಹತ್ತು ಮಕ್ಕಳ ಕೈಗೆ ಹೊಸ ಲ್ಯಾಪ್‌ಟಾಪ್ ಕೊಟ್ಟು ಫೋಟೊ ತೆಗೆಸಿಕೊಳ್ಳುವುದೂ ಬೇಡ. ಹೆಚ್ಚು ಅಂಕ ತೆಗೆದ ಹತ್ತು ಜನಕ್ಕೆ ಹೇಗೋ ದಾರಿ ಸಿಗುತ್ತದೆ. ನನ್ನ ತಂಗಿ ಈ ಶಾಲೆಯಲ್ಲಿ ಮೊದಲ ಹತ್ತರಲ್ಲಿ ಎಂದೂ ಇರಲಿಲ್ಲ.

ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬದಲಾಯಿಸುವ ಲ್ಯಾಪ್‌ಟಾಪ್‌ಗಳು ಬೆಂಗಳೂರಿನಲ್ಲಿ ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಅವು ಗಟ್ಟಿ ಮಾದರಿಗಳು, ತೆರೆದು ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಾಯಿಸಲು ಬರುವಂಥವನ್ನೇ ಆರಿಸಬಹುದು. ಆರಿಸುವಾಗ ಒಂದು ಎಚ್ಚರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್ ಚಿಪ್ಪು ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು. ಅದಕ್ಕಿಂತ ಹಳೆಯದನ್ನು ‘ಒಳ್ಳೆ ಕಂಡೀಷನ್ ಸಾರ್’ ಎಂದು ದಾಟಿಸಲು ನೋಡುತ್ತಾರೆ, ಅಂಥದ್ದು ಪುಕ್ಕಟೆ ಬಂದರೆ ಲಿನಕ್ಸ್ ಹಾಕಿ ಬಳಸೋಣ, ದುಡ್ಡು ಕೊಟ್ಟು ಬೇಡ. ಗಣಿತಕ್ಕೆ ಜಿಯೋಜಿಬ್ರಾ, ಬರವಣಿಗೆಗೆ ಲಿಬ್ರೆ ಆಫೀಸ್, ಕನ್ನಡ ಟೈಪಿಂಗ್, ಇವೆಲ್ಲ ಲಿನಕ್ಸಿನಲ್ಲಿ ಖರ್ಚಿಲ್ಲದೆ ನಡೆಯುತ್ತವೆ.

ಈ ಲ್ಯಾಪ್‌ಟಾಪ್‌ಗಳು ಇರಬೇಕಾದದ್ದು ಶಾಲೆಯ ಒಂದು ಕೋಣೆಯಲ್ಲಿ, ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ ಮಾನಿಟರ್, ಕೀಬೋರ್ಡಿನ ಮುಂದೆ. ಒಂದೊಂದರ ಮುಂದೆ ಒಂದು ಕುರ್ಚಿ, ಎರಡು ಸ್ಟೂಲು. ಸ್ಟೂಲನ್ನು ಮರೆಯಬೇಡಿ ಎಂದು ಬಡಗಿಗೆ ಈಗಲೇ ಹೇಳಿದ್ದೇನೆ. ಕರೆಂಟು ಹೋದರೆ ಪರದೆ ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ, ಪಾಠ ನಿಲ್ಲುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಾಗ ಲೈಬ್ರರಿ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಮಕ್ಕಳು ಮನೆಗೆ ಒಯ್ಯಲಿ, ಸೋಮವಾರ ತರಲಿ. ಸರದಿ ಹಾಜರಿ ಪುಸ್ತಕದ ಕ್ರಮದಲ್ಲಿ, ಅಂಕದ ಕ್ರಮದಲ್ಲಿ ಅಲ್ಲ. ವಾರಕ್ಕೊಮ್ಮೆ ಹಿಂದಿರುಗಬೇಕಾದ ವಸ್ತು ಬೀರುವಿನಲ್ಲಿ ಮಲಗುವುದಿಲ್ಲ, ತಮ್ಮನ ಜೊತೆ ಬೆಂಗಳೂರಿಗೂ ಹೋಗುವುದಿಲ್ಲ.

ಇದಕ್ಕೆ ನಿನ್ನೆ ನನ್ನ ಬೆಂಚಿನ ಗೆಳೆಯನೇ ಎದ್ದು “ಮಾರಾಯ, ಆರು ತಿಂಗಳಲ್ಲಿ ಅರ್ಧ ಕಾಣೆಯಾಗ್ತವೆ, ಇನ್ನರ್ಧ ಒಡೀತವೆ” ಎಂದ. ಒಂದೆರಡು ಒಡೆಯುತ್ತವೆ, ನಿಜ. ಲೈಬ್ರರಿಯಲ್ಲಿ ಹರಿಯದ ಪುಸ್ತಕ ಎಂದರೆ ಯಾರೂ ಓದದ ಪುಸ್ತಕ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು, ಅವರು ಇಲ್ಲೇ ಕೂತಿದ್ದಾರೆ. ಆದರೆ ಗೆಳೆಯನ ಮಾತಿನಲ್ಲಿ ಒಂದು ನಿಜವಾದ ಅಡಚಣೆ ಇದೆ. ಸರ್ಕಾರಿ ಶಾಲೆಯ ಸ್ಟಾಕ್ ರಿಜಿಸ್ಟರಿಗೆ ಸೇರಿದ ವಸ್ತು ಒಡೆದರೆ ಲೆಕ್ಕ ಕೊಡಬೇಕಾದವರು ಮುಖ್ಯೋಪಾಧ್ಯಾಯರು. ವರ್ಗವಾಗಿ ಹೋಗುವಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಹಾಗಿರುವಾಗ ಯಾವ ಮುಖ್ಯೋಪಾಧ್ಯಾಯರು ತಾನೇ ಲ್ಯಾಪ್‌ಟಾಪನ್ನು ಮಕ್ಕಳ ಚೀಲಕ್ಕೆ ಹಾಕಿ ಕಳಿಸುತ್ತಾರೆ? ಬೀಗ ಹಾಕುವವರನ್ನು ಬೈದು ಪ್ರಯೋಜನವಿಲ್ಲ. ಅವರಿಂದ ಹೊಣೆ ಇಳಿಸಬೇಕು. ಅದಕ್ಕೇ ನನ್ನ ಸಲಹೆ, ಮೇಜು, ಕುರ್ಚಿ, ಮಾನಿಟರ್ ಶಾಲೆಗೆ ದಾನವಾಗಲಿ, ಲ್ಯಾಪ್‌ಟಾಪ್‌ಗಳು ಮಾತ್ರ ನಮ್ಮ ಸಂಘದ ಹೆಸರಿನಲ್ಲೇ ಉಳಿಯಲಿ. ಕಳೆದರೂ ಒಡೆದರೂ ನಷ್ಟ ಸಂಘದ್ದು. ಅದಕ್ಕೆಂದು ಹಣದ ಒಂದು ಪಾಲನ್ನು ಬ್ಯಾಂಕಿನಲ್ಲಿ ತೆಗೆದಿಡೋಣ. ತಿಂಗಳಿಗೊಮ್ಮೆ ಬಂದು ನೋಡಲು ಊರಿನಲ್ಲೇ ಇರುವ ಇಬ್ಬರು ಒಪ್ಪಿದ್ದಾರೆ, ಇಬ್ಬರೂ ಹೆಣ್ಣುಮಕ್ಕಳು. ರಿಪೇರಿಗೆ ನಾನು ಹಬ್ಬಕ್ಕೆ ಬಂದಾಗಲೆಲ್ಲ ಸ್ಕ್ರೂಡ್ರೈವರ್ ತರುತ್ತೇನೆ, ಒಂಬತ್ತನೇ ತರಗತಿಯ ನಾಲ್ಕು ಮಕ್ಕಳು ಜೊತೆಗೆ ಕೂರಲಿ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಂತೆ ಕಂಡರೆ ಅದನ್ನು ಚಾರ್ಜಿಗೆ ಹಾಕದೆ ಪಕ್ಕಕ್ಕೆ ಇಡಬೇಕು, ಚುಚ್ಚಬಾರದು ಅನ್ನುವುದನ್ನು ಮಾತ್ರ ಮೊದಲ ದಿನವೇ ಎಲ್ಲ ಮಕ್ಕಳಿಗೂ ಹೇಳಿಕೊಡಬೇಕು.

ಮನೆಯಲ್ಲಿ ಏನು ಕೊಡಿಸಲಿ ಎಂದು ಫೋನ್ ಮಾಡುವ ಹಿರಿಯರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹಾಸ್ಟೆಲಿಗೆ ಹೋಗುವ ಮಗುವಿಗೆ ಲ್ಯಾಪ್‌ಟಾಪೇ ಸರಿ, ಎರಡನೇ ಯೋಚನೆ ಬೇಡ. ಹೈಸ್ಕೂಲಿನಲ್ಲಿ ಎರಡು ಮೂರು ಮಕ್ಕಳಿರುವ ಮನೆಯಾದರೆ ಲ್ಯಾಪ್‌ಟಾಪ್ ತಂದರೂ ಅದಕ್ಕೊಂದು ಮೇಜು ಮಾಡಿ, ನಡುಮನೆಯಲ್ಲಿಡಿ, ಯಾರ ಕೋಣೆಗೂ ಹೋಗದಿರಲಿ. ದೊಡ್ಡವನು ಕಾಲೇಜಿಗೆ ಹೊರಟಾಗ ಅವನಿಗೆ ಬೇರೆ ನೋಡಿ. ಅದು ಆಗುವುದಿಲ್ಲ, ಒಂದೇ ಸಾಧ್ಯ ಎನ್ನುವುದಾದರೆ, ಮನೆಯಲ್ಲಿ ಉಳಿಯುವ ಮಗಳನ್ನು ಒಂದು ಮಾತು ಕೇಳಿ ನಿರ್ಧಾರ ಮಾಡಿ. ನಾನು ಇಷ್ಟು ಮಾತ್ರ ಕೇಳುವುದು.

ಸಮಯ ಮೀರಿದೆ, ಅಡುಗೆಯವರು ಎರಡು ಬಾರಿ ಸನ್ನೆ ಮಾಡಿದರು. ಒಂಬತ್ತನೇ ತರಗತಿಯ ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪನ್ನು ಮಾನಿಟರಿಗೆ ಜೋಡಿಸಿ ಇಟ್ಟಿದ್ದೇನೆ. ಊಟ ಮುಗಿಸಿ ಬಂದು ನೋಡಿ, ಸಂಜೆಯ ಸಭೆಯಲ್ಲಿ ಜಗಳ ಮುಂದುವರಿಸೋಣ. ಮಕ್ಕಳು ಮೊದಲು ಬನ್ನಿ, ಹಿರಿಯರು ಸ್ಟೂಲಿನ ಮೇಲೆ ಕೂರುತ್ತಾರೆ.